‘ಸಾಕು’ ಎಂಬ ಮಾತಿಗೆ ಎರಡು ಅರ್ಥ

ಕನ್ನಡದಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ‘ಇನ್ನು ಬೇಡ’ ಎಂಬುದು ಒಂದು. ‘ಪೋಷಿಸು, ಸಲಹು’ ಎಂಬುದು ಇನ್ನೊಂದು. ಊಟಕ್ಕೆ ಕುಳಿತವನು ಎಲೆಗೆ ಕೈ ಅಡ್ಡ ಹಿಡಿದು ‘ಸಾಕು’ ಎನ್ನುವಾಗ ಮೊದಲನೆಯ ಅರ್ಥ. ಹಸುಕರುವನ್ನು ಚೆನ್ನಾಗಿ ಸಾಕು ಎಂದು ತಂದೆ ಮಗನಿಗೆ ಹೇಳುವಾಗ ಎರಡನೆಯದು. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಇಪ್ಪತ್ತೇಳು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನನಗೆ, ದಾಖಲಾತಿ ಪುಸ್ತಕದಲ್ಲಿ ಮಕ್ಕಳ ತಾಯಿಯ ಹೆಸರನ್ನೋ ಅಜ್ಜಿಯ ಹೆಸರನ್ನೋ ಬರೆಯುವಾಗ ‘ಸಾಕಮ್ಮ’ ಎಂಬ ಹೆಸರು ಎಷ್ಟೋ ಸಲ ಎದುರಾಗಿದೆ. ತಾವೂ ಆ ಹೆಸರನ್ನು ಕೇಳಿದ್ದೀರಿ. ಏಕೆ ಇಟ್ಟರೆಂದು ವಿಚಾರಿಸಿದರೆ ಹಿರಿಯರು ನಗುತ್ತ ಹೇಳುತ್ತಾರೆ: ‘ಮೂರನೆಯದೂ ಹೆಣ್ಣಾಯಿತು, ದೇವರೇ, ಇನ್ನು ಸಾಕು ಎಂದು ಇಟ್ಟದ್ದು.’

ಆ ಹೆಸರಿನಲ್ಲಿ ಅನಾದರವಿತ್ತು, ನಿಜ. ಆದರೆ ಒಂದು ಮಾತನ್ನು ಗಮನಿಸಬೇಕು. ಆ ‘ಸಾಕು’ ಮಗು ಹುಟ್ಟಿದ ಮೇಲೆ ಆಡಿದ್ದು. ಹುಟ್ಟಿತು, ತೊಟ್ಟಿಲಿಗೆ ಬಂತು, ಹೆಸರು ಪಡೆಯಿತು. ಬೇಡವೆಂದ ಮನೆಯೇ ಅದನ್ನು ಸಾಕಿತು. ಈಗ ನಮ್ಮ ಕಾಲದಲ್ಲಿ ಆ ಮಾತನ್ನು ಹುಟ್ಟುವುದಕ್ಕೆ ಮೊದಲೇ ಆಡುತ್ತಿದ್ದಾರೆ. ಹಾಗೆ ಆಡಿದಾಗ ಎರಡನೆಯ ಅರ್ಥಕ್ಕೆ ಅವಕಾಶವೇ ಉಳಿಯುವುದಿಲ್ಲ. ಹೆಣ್ಣಿನ ಮೇಲೆ ನಡೆಯುವ ಹಿಂಸೆಗಳಲ್ಲೆಲ್ಲ ಮೊದಲನೆಯದಾದ ಈ ಹಿಂಸೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಸೀಮೆಯಲ್ಲಿ ಆಲೆಮನೆಗೆ ವಿಶೇಷವಾದ ಪ್ರೀತಿಯುಂಟು. ಗಾಣದಿಂದ ಇಳಿಯುವ ಕಬ್ಬಿನ ಹಾಲು, ಕೊಪ್ಪರಿಗೆಯಿಂದ ಏಳುವ ಹಬೆ, ಅಚ್ಚಿನಲ್ಲಿ ಆರುತ್ತಿರುವ ಬಿಸಿ ಬೆಲ್ಲ ಇವುಗಳ ನೆನಪಿಲ್ಲದ ಮಂಡ್ಯದವನು ಯಾರು? ದಾರಿಹೋಕನಿಗೂ ಒಂದು ಚೊಂಬು ಹಾಲು ಕೊಡದೆ ಕಳಿಸಬಾರದೆಂಬುದು ಅಲ್ಲಿಯ ಮರ್ಯಾದೆ. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಠಾಣೆಯ ಪೊಲೀಸರು ಒಂದು ಜಾಲವನ್ನು ಪತ್ತೆ ಹಚ್ಚಿದರು. ಅದರ ಜಾಡು ಹಿಡಿದು ಬಂದರೆ ತಲಪಿದ್ದು ಮಂಡ್ಯ ಜಿಲ್ಲೆಯ ಒಂದು ಆಲೆಮನೆಗೆ. ಗರ್ಭಿಣಿಯರನ್ನು ಅಲ್ಲಿಗೆ ಕರೆತಂದು, ಸ್ಕ್ಯಾನಿಂಗ್ ಯಂತ್ರವಿಟ್ಟು, ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡುತ್ತಿದ್ದರು. ಹೆಣ್ಣೆಂದಾದರೆ ಗರ್ಭಪಾತಕ್ಕೆ ಮೈಸೂರಿಗೆ ಕಳಿಸುತ್ತಿದ್ದರು ಎಂಬುದು ಪೊಲೀಸರ ಆರೋಪ. ಎರಡು ಮೂರು ವರ್ಷಗಳಲ್ಲಿ ಇಂಥ ಗರ್ಭಪಾತಗಳು ಸುಮಾರು 900 ನಡೆದಿರಬಹುದೆಂದು ಅವರು ಆಗ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಸರ್ಕಾರ ತನಿಖೆಯನ್ನು ಸಿಐಡಿಗೆ ಒಪ್ಪಿಸಿತು. ಅದರ ಸದ್ದು ಅಡಗುವ ಮೊದಲೇ, 2024ರ ಮೇ ತಿಂಗಳಲ್ಲಿ, ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದೊಳಗೇ ಇಂಥದೇ ಕೆಲಸ ನಡೆದ ಸುದ್ದಿ ಬಂತು. ತಪ್ಪಿತಸ್ಥರು ಯಾರೆಂಬುದನ್ನು ನ್ಯಾಯಾಲಯ ನಿರ್ಧರಿಸುತ್ತದೆ. ಆದರೆ ಗಿರಾಕಿಗಳಿಲ್ಲದೆ ಅಂಗಡಿ ನಡೆಯುವುದಿಲ್ಲ ಎಂಬುದನ್ನು ತಿಳಿಯಲು ನ್ಯಾಯಾಲಯ ಬೇಕಿಲ್ಲ.

‘ಯಾರನ್ನೂ ಹೊಡೆದಿಲ್ಲ, ಬಡಿದಿಲ್ಲ, ಇದು ಹಿಂಸೆ ಹೇಗಾದೀತು? ಮನೆಯವರ ಖಾಸಗಿ ವಿಚಾರವಲ್ಲವೆ?’ ಎಂದು ಕೇಳುವವರಿದ್ದಾರೆ. ಇದೇ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಪ್ರಪಂಚದ ರಾಷ್ಟ್ರಗಳಿಗೆ ಅರ್ಧ ಶತಮಾನ ಹಿಡಿಯಿತು.

1948ರಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಹೊರಡಿಸಿತು. ಅದರ ಕರಡಿನ ಮೊದಲ ವಿಧಿಯಲ್ಲಿ, ಪುರುಷರೆಲ್ಲ ಸ್ವತಂತ್ರರಾಗಿ ಹುಟ್ಟುತ್ತಾರೆ ಎಂಬರ್ಥ ಬರುವ ಇಂಗ್ಲಿಷ್ ಪದವಿತ್ತು. ಅಲ್ಲಿದ್ದ ನಮ್ಮ ದೇಶದ ಪ್ರತಿನಿಧಿ ಶ್ರೀಮತಿ ಹಂಸಾ ಮೆಹತಾ ಅವರು ಆ ಪದವನ್ನು ಒಪ್ಪಲಿಲ್ಲ. ‘ಮಾನವರೆಲ್ಲರೂ’ ಎಂಬ ಅರ್ಥದ ಪದ ಬರಬೇಕೆಂದು ಹಟ ಹಿಡಿದು ತಿದ್ದಿಸಿದರು. ವ್ಯಾಕರಣ ಹೇಳಿಕೊಡುವವನಾದ ನನಗೆ ಈ ಸಂಗತಿ ಬಹಳ ಪ್ರಿಯವಾದುದು. ಒಂದು ಪದ ತಿದ್ದಿದ್ದರಿಂದ ಮನುಷ್ಯಕುಲದ ಅರ್ಧ ಭಾಗ ವಾಕ್ಯದೊಳಕ್ಕೆ ಬಂತು.

ವಾಕ್ಯದೊಳಕ್ಕೆ ಬಂದದ್ದೇನೋ ಸರಿ, ಮನೆಯೊಳಗಿನ ಕಷ್ಟ ಹಾಗೆಯೇ ಉಳಿಯಿತು. 1979ರಲ್ಲಿ ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯಗಳನ್ನು ತೊಡೆದುಹಾಕುವ ಅಂತರರಾಷ್ಟ್ರೀಯ ಒಡಂಬಡಿಕೆ ಅಂಗೀಕಾರವಾಯಿತು. ಭಾರತ ಅದನ್ನು 1993ರಲ್ಲಿ ಸ್ಥಿರೀಕರಿಸಿತು. ವಿದ್ಯೆ, ಉದ್ಯೋಗ, ಆಸ್ತಿ, ವಿವಾಹ ಎಲ್ಲವನ್ನೂ ಹೇಳಿದ ಆ ಒಡಂಬಡಿಕೆ, ಸ್ತ್ರೀಯರ ಮೇಲಿನ ಹಿಂಸೆಯ ವಿಷಯವನ್ನು ನೇರವಾಗಿ ಎತ್ತಿರಲಿಲ್ಲ. 1992ರಲ್ಲಿ ಅದರ ಸಮಿತಿ ಈ ಕೊರತೆಯನ್ನು ತುಂಬಿತು. ಹಿಂಸೆಯೂ ತಾರತಮ್ಯದ ಒಂದು ರೂಪವೇ ಎಂದು ಸಾರಿತು. 1993ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ಬೀದಿಯಲ್ಲಿ ನಡೆದರೂ ಹಿಂಸೆಯೇ, ಮನೆಯೊಳಗೆ ನಡೆದರೂ ಹಿಂಸೆಯೇ ಎಂದು ಘೋಷಿಸಿತು. ಮರುವರ್ಷ ಕೈರೋ ನಗರದ ಜನಸಂಖ್ಯಾ ಸಮ್ಮೇಳನ, ಹುಟ್ಟುವ ಮೊದಲೇ ಹೆಣ್ಣನ್ನು ಆರಿಸಿ ತೆಗೆಯುವುದನ್ನು ತಡೆಯಬೇಕೆಂದು ಸರ್ಕಾರಗಳಿಗೆ ಹೇಳಿತು. 1995ರಲ್ಲಿ ಬೀಜಿಂಗ್ ನಗರದಲ್ಲಿ ನಡೆದ ಮಹಿಳಾ ಸಮ್ಮೇಳನ ಇನ್ನೂ ಸ್ಪಷ್ಟವಾಗಿ, ಹೆಣ್ಣು ಶಿಶುಹತ್ಯೆಯನ್ನೂ ಪ್ರಸವಪೂರ್ವದ ಲಿಂಗ ಆಯ್ಕೆಯನ್ನೂ ಸ್ತ್ರೀಯರ ಮೇಲಿನ ಹಿಂಸೆಯ ಪಟ್ಟಿಗೆ ಸೇರಿಸಿತು. ಆಲೆಮನೆಯ ಆ ಕೋಣೆಯಲ್ಲಿ ನಡೆದದ್ದು ಖಾಸಗಿ ವಿಚಾರವಲ್ಲವೆಂದು ಪ್ರಪಂಚ ತೀರ್ಪು ಕೊಟ್ಟು ಈಗ ಮೂರು ದಶಕಗಳಾದವು.

ಪ್ರತಿ ವರ್ಷ ನವೆಂಬರ್ 25ನ್ನು ಸ್ತ್ರೀಯರ ಮೇಲಿನ ಹಿಂಸೆಯ ನಿವಾರಣೆಯ ದಿನವಾಗಿ ಆಚರಿಸುವುದನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು. ಡೊಮಿನಿಕನ್ ಗಣರಾಜ್ಯವೆಂಬ ಪುಟ್ಟ ದೇಶದಲ್ಲಿ ಸರ್ವಾಧಿಕಾರಿಯನ್ನು ಎದುರಿಸಿದ ಮಿರಾಬಾಲ್ ಮನೆತನದ ಮೂವರು ಸಹೋದರಿಯರು 1960ರಲ್ಲಿ ಕೊಲೆಯಾದದ್ದು ಆ ದಿನ. ಲ್ಯಾಟಿನ್ ಅಮೆರಿಕದ ಮಹಿಳೆಯರು 1981ರಲ್ಲಿ ಅವರ ನೆನಪಿಗಾಗಿ ಆ ದಿನವನ್ನು ಆರಿಸಿಕೊಂಡರು. 1999ರಲ್ಲಿ ವಿಶ್ವಸಂಸ್ಥೆ ಅದನ್ನು ಎಲ್ಲ ದೇಶಗಳ ದಿನವನ್ನಾಗಿ ಮಾಡಿತು.

ನಮ್ಮ ದೇಶವೂ ಸುಮ್ಮನೆ ಕೂರಲಿಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕೇಂದ್ರ ಕಾಯಿದೆ 1994ರಲ್ಲಿ ಹುಟ್ಟಿ, 1996ರ ಜನವರಿ 1ರಿಂದ ಜಾರಿಗೆ ಬಂತು. 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಸ್ಕ್ಯಾನಿಂಗ್ ಕೇಂದ್ರ ನೋಂದಣಿಯಾಗಿರಬೇಕು. ಪರೀಕ್ಷೆ ಮಾಡಿಸಿಕೊಂಡ ಪ್ರತಿ ಗರ್ಭಿಣಿಯ ವಿವರವನ್ನೂ ಏಕೆ ಮಾಡಿಸಿಕೊಂಡರೆಂಬ ಕಾರಣವನ್ನೂ ನಮೂನೆಯಲ್ಲಿ ಬರೆದಿಡಬೇಕು. ಮಗು ಗಂಡೋ ಹೆಣ್ಣೋ ಎಂದು ಬಾಯಿಂದಾಗಲಿ ಸನ್ನೆಯಿಂದಾಗಲಿ ತಿಳಿಸಕೂಡದು. ತಿಳಿಸಿದ ವೈದ್ಯನಿಗೆ ಮೊದಲ ಅಪರಾಧಕ್ಕೆ ಮೂರು ವರ್ಷದವರೆಗೆ ಸೆರೆವಾಸ. ತಿಳಿಸೆಂದು ಕೇಳಿದ ಗಂಡನಿಗೂ ನೆಂಟರಿಗೂ ಶಿಕ್ಷೆಯುಂಟು. ಗರ್ಭಿಣಿಯ ವಿಷಯದಲ್ಲಿ ಮಾತ್ರ ಕಾಯಿದೆ ಕರುಣೆ ತೋರಿದೆ. ಬೇರೆಯೆಂದು ಸಾಬೀತಾಗುವವರೆಗೆ, ಗಂಡನೋ ಮನೆಯವರೋ ಅವಳನ್ನು ಬಲವಂತ ಮಾಡಿದರೆಂದೇ ನ್ಯಾಯಾಲಯ ಭಾವಿಸತಕ್ಕದ್ದು. ಈ ಒಂದು ಕಲಮನ್ನು ಬರೆದವರು ನಮ್ಮ ಮನೆಗಳನ್ನು ಚೆನ್ನಾಗಿ ಬಲ್ಲವರಾಗಿರಬೇಕು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಿಬಿಡಬೇಕು. ಗರ್ಭಪಾತವೇ ಅಪರಾಧವೆಂದು ಯಾರೂ ತಿಳಿಯಬಾರದು. ತಾಯಿಯ ಆರೋಗ್ಯ ಮೊದಲಾದ ಕಾರಣಗಳಿಗೆ, ಗೊತ್ತಾದ ಅವಧಿಯೊಳಗೆ, ನುರಿತ ವೈದ್ಯರಿಂದ ಅದನ್ನು ಮಾಡಿಸಿಕೊಳ್ಳಲು 1971ರ ಕಾಯಿದೆ ಅವಕಾಶ ಕೊಟ್ಟಿದೆ. ಲಿಂಗ ಆಯ್ಕೆಯನ್ನು ತಡೆಯುವ ನೆಪದಲ್ಲಿ ಆ ದಾರಿಯನ್ನು ಮುಚ್ಚಿದರೆ ಹೆಂಗಸರು ಕಳ್ಳವೈದ್ಯರ ಕೈಗೆ ಬೀಳುತ್ತಾರೆಂದು ವಿಶ್ವಸಂಸ್ಥೆಯ ಐದು ಸಂಸ್ಥೆಗಳು 2011ರಲ್ಲಿ ಕೂಡಿ ಎಚ್ಚರಿಸಿವೆ. ತಪ್ಪಿರುವುದು ಹೆಣ್ಣೆಂಬ ಕಾರಣಕ್ಕೇ ತೆಗೆಸುವುದರಲ್ಲಿ.

ಕಾಯಿದೆ ಇದ್ದೂ ಏಕೆ ಹೀಗಾಯಿತು? ಲೆಕ್ಕವನ್ನು ನೋಡೋಣ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಒಟ್ಟು ಜನರಲ್ಲಿ ಸಾವಿರ ಗಂಡಸರಿಗೆ 995 ಹೆಂಗಸರಿದ್ದರು. ಹೆಚ್ಚುಕಡಿಮೆ ಸಮಸಮ ಎಂದು ನಾವು ಹಿಗ್ಗಬಹುದು. ಆದರೆ ಆರು ವರ್ಷದೊಳಗಿನ ಮಕ್ಕಳನ್ನು ಬೇರೆ ಎಣಿಸಿದರೆ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 940ರ ಆಸುಪಾಸು. ನಿಸರ್ಗ ತನ್ನ ಪಾಡಿಗೆ ಬಿಟ್ಟರೆ ಸುಮಾರು 950 ಹುಟ್ಟಿಸುತ್ತದೆ. ಸಾವಿರಕ್ಕೆ ಹತ್ತು ಎಂದರೆ ಎಷ್ಟರ ಮಾತು ಎನ್ನಬೇಡಿ. ಹತ್ತೂ ಹತ್ತು ತರಗತಿಗಳಲ್ಲಿ ಖಾಲಿಯಾದ ಜಾಗಗಳು ಅವು. ಗೈರುಹಾಜರಿ ಹಾಕೋಣವೆಂದರೆ ಹೆಸರಾದರೂ ಇರಬೇಕಲ್ಲ!

ಹೆಣ್ಣೆಂದರೆ ಹೊರೆ ಎಂಬ ಭಾವನೆ ನಮ್ಮಲ್ಲಿ ಅನಾದಿಯಿಂದ ಬಂದದ್ದೆಂದು ಅನೇಕರು ನಂಬಿದ್ದಾರೆ. ನಮ್ಮ ಸೀಮೆಯ ಮಟ್ಟಿಗೆ ಇದು ಪೂರ್ತಿ ನಿಜವಲ್ಲ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದ್ವಾಂಸೆ 1954ರಿಂದ ಎರಡು ವರ್ಷ ಕಾಲ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ, ನಾಲೆಯ ನೀರುಂಟಾದ ಒಂದರಲ್ಲಿ, ನೀರಿಲ್ಲದ ಇನ್ನೊಂದರಲ್ಲಿ, ಜನಜೀವನವನ್ನು ಅಭ್ಯಾಸ ಮಾಡಿದರು. ಆಗ ನಮ್ಮ ಒಕ್ಕಲು ಮನೆಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ತೆರ ಕೊಡುತ್ತಿದ್ದರು. ಗದ್ದೆಯಲ್ಲಿ ನಾಟಿ ಮಾಡುವ, ಕಳೆ ಕೀಳುವ ಕೈ ಒಂದು ಮನೆಯಿಂದ ಹೋಗುತ್ತದೆ. ಅದಕ್ಕೆ ಬೆಲೆಯುಂಟು ಎಂಬ ತಿಳಿವಳಿಕೆ ಅದು. ಅವರು 1970ರಲ್ಲಿ ಮತ್ತೆ ಬಂದು ನೋಡಿದಾಗ ನೀರಾವರಿಯ ಹಳ್ಳಿಯಲ್ಲಿ ತೆರ ಹಿಂದೆ ಸರಿದು ವರದಕ್ಷಿಣೆ ಕಾಲಿಟ್ಟಿತ್ತು. ವಿಶ್ವೇಶ್ವರಯ್ಯ ನಾಲೆ ಗದ್ದೆಗೆ ನೀರು ತಂದಿತು. ಕಬ್ಬು ದುಡ್ಡು ತಂದಿತು. ದುಡ್ಡಿನ ಜೊತೆ, ಮನೆಯ ಹೆಣ್ಣು ಗದ್ದೆಗಿಳಿಯುವುದು ಘನತೆಗೆ ಕಡಮೆ ಎಂಬ ಭಾವನೆ ಬಂತು. ಓದಿದ ಗಂಡಿಗೆ ಪೈಪೋಟಿ ಬಂತು. ವರದಕ್ಷಿಣೆ ನಿಷೇಧದ ಕಾಯಿದೆ 1961ರಲ್ಲೇ ಆಗಿದ್ದರೂ ಚಿನ್ನದ ತೂಕ ಏರುತ್ತಲೇ ಹೋಯಿತು. ನಮ್ಮ ನಾಲೆಗಿಂತಲೂ ಈಚಿನದಾದ ಒಂದು ಪದ್ಧತಿಯನ್ನು ನಾವು ಸನಾತನವೆಂದು ಕರೆಯುತ್ತಿದ್ದೇವೆ! ಈಚೆಗೆ ಬಂದದ್ದು ಹೋಗಲೂಬಲ್ಲದು ಎಂಬುದೇ ನನಗಿರುವ ಧೈರ್ಯ.

ಹೋಗಬಲ್ಲದು ಎಂಬುದಕ್ಕೆ ದಕ್ಷಿಣ ಕೊರಿಯ ದೇಶದ ದೃಷ್ಟಾಂತವುಂಟು. ಅಲ್ಲಿಯೂ ವಂಶ ಬೆಳಗಲು, ಪಿತೃಗಳಿಗೆ ಪೂಜೆ ಸಲ್ಲಿಸಲು ಗಂಡೇ ಬೇಕು. 1990ರಲ್ಲಿ ಅಲ್ಲಿ ನೂರು ಹೆಣ್ಣು ಶಿಶುಗಳಿಗೆ 116ಕ್ಕೂ ಹೆಚ್ಚು ಗಂಡು ಶಿಶುಗಳು ಹುಟ್ಟಿದವು. ನಮ್ಮ ಜಿಲ್ಲೆಗಿಂತ ಎಷ್ಟೋ ಕೆಟ್ಟ ಸ್ಥಿತಿ. ಲಿಂಗಪತ್ತೆಯನ್ನು 1987ರಲ್ಲೇ ನಿಷೇಧಿಸಿದ್ದರೂ ಹೀಗಿತ್ತು. ಮುಂದೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. ಹೆಂಗಸರು ಓದಿ ದುಡಿದರು. ಮುಪ್ಪಿನಲ್ಲಿ ಮಗನನ್ನೇ ನಂಬಬೇಕಾಗಿಲ್ಲದಂತೆ ಪಿಂಚಣಿ ಬಂತು. ಮನೆಗೆ ಗಂಡಸೇ ಯಜಮಾನನೆಂಬ ಕಾನೂನು 2005ರಲ್ಲಿ ನ್ಯಾಯಾಲಯದ ಮುಂದೆ ಬಿದ್ದು 2008ರಲ್ಲಿ ಕೊನೆಗೊಂಡಿತು. ಆ ಹೊತ್ತಿಗೆ ಶಿಶುಗಳ ಲೆಕ್ಕ ಸಹಜಸ್ಥಿತಿಗೆ ಬಂದಿತ್ತು. 2024ರ ಫೆಬ್ರವರಿಯಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ, ಮಗುವಿನ ಲಿಂಗವನ್ನು ತಿಳಿಸಬಾರದೆಂಬ ನಿರ್ಬಂಧವೇ ಇನ್ನು ಬೇಕಿಲ್ಲವೆಂದು ತೆಗೆದುಹಾಕಿತು. ಕಾನೂನು ಬೇಡವಾಗುವಷ್ಟು ಮನಸ್ಸು ಬದಲಾಗಿತ್ತು. ನಮ್ಮಲ್ಲಿ ಆ ದಿನ ಇನ್ನೂ ಬಂದಿಲ್ಲ; ಆದ್ದರಿಂದ ನಮಗೆ ಕಾನೂನೂ ಬೇಕು, ಮನಸ್ಸೂ ಬದಲಾಗಬೇಕು.

ಪಾಲಿನ ವಿಷಯದಲ್ಲಿ ನಾವು ಹಿಂದುಳಿದವರೇನಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. ಇಡೀ ದೇಶಕ್ಕೆ ಅದು 2005ರಲ್ಲಿ ಬಂತು. ಆದರೆ ನೋಂದಣಿ ಕಚೇರಿಯ ಮುಂದೆ ಒಂದು ದಿನ ನಿಂತು ನೋಡಿ. ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕಾರಿನಲ್ಲಿ ಕರೆತಂದು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟು ಬಸ್ಸು ಹತ್ತಿಸುತ್ತಾರೆ. ಸಹಿ ಹಾಕದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ. ಮಗಳಿಗೆ ಪಾಲಿಲ್ಲದ ಮನೆಯಲ್ಲಿ ಮಗಳು ಖರ್ಚಿನ ಬಾಬ್ತಾಗಿಯೇ ಕಾಣುತ್ತಾಳೆ.

ಇದರ ಫಲ ಈಗ ಗಂಡುಮಕ್ಕಳಿಗೂ ತಟ್ಟುತ್ತಿದೆ. 2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ವಧೂವರರ ಸಮಾವೇಶ ನಡೆದಾಗ ವರರು ಸಾವಿರಾರು, ವಧುಗಳು ಕೆಲವೇ ನೂರು. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ. ಎಂ. ದೊಡ್ಡಿಯಿಂದ ಅವಿವಾಹಿತ ತರುಣರು, ಹೆಣ್ಣು ಸಿಗಲೆಂದು ಮಾದಪ್ಪನಿಗೆ ಹರಸಿಕೊಂಡು, ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅಂಥ ವಯಸ್ಸಿನ ಹುಡುಗರು ನನ್ನ ಶಿಷ್ಯರು. ಓದಿದ ಹುಡುಗಿಯರು ಬೇಸಾಯದ ಮನೆಯನ್ನು ಒಲ್ಲೆನ್ನುವುದು ಇದಕ್ಕೆ ದೊಡ್ಡ ಕಾರಣವೆಂಬುದನ್ನು ಬಲ್ಲೆ. ಹುಟ್ಟಬೇಕಾದವರು ಹುಟ್ಟದೆಹೋದದ್ದೂ ಒಂದು ಕಾರಣವಲ್ಲವೆಂದು ಯಾರು ಹೇಳಬಲ್ಲರು? ಆದರೆ, ಮದುವೆಗೆ ಹೆಣ್ಣು ಸಿಗುವುದಿಲ್ಲವೆಂದು ಹೆಣ್ಣುಕೂಸನ್ನು ಉಳಿಸಿ ಎನ್ನುವ ವಾದವನ್ನು ನಾನು ಹೂಡಲಾರೆ. ಯಾರಿಗೋ ಹೆಂಡತಿಯಾಗಲೆಂದು ಅವಳು ಹುಟ್ಟಬೇಕಾಗಿಲ್ಲ. ತಾನಾಗಿ ಬಾಳಲೆಂದು ಹುಟ್ಟಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತಪ್ಪೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಹಲವು ವರ್ಷಗಳ ಹಿಂದೆ ನನ್ನ ಹಳೆಯ ಶಿಷ್ಯೆಯೊಬ್ಬಳು ಶಾಲೆಯ ಗೇಟಿನ ಬಳಿ ಕಾದು ನಿಂತಿದ್ದಳು. ಹಳಗನ್ನಡ ಪದ್ಯವನ್ನು ತಡವರಿಸದೆ ಓದುತ್ತಿದ್ದ ಹುಡುಗಿ. ಎರಡು ಹೆಣ್ಣುಮಕ್ಕಳ ತಾಯಿ. ಮೂರನೆಯದಕ್ಕೆ ತುಂಬಿದ ಮೂರು ತಿಂಗಳು. ‘ಮೇಷ್ಟ್ರೇ, ನಮ್ಮತ್ತೇರೂ ಇವ್ರೂ ಅದ್ಯಾವ್ದೋ ಕಡೀಕೆ ಕರ್ಕೊಂಡೋಯ್ತೀವಿ ಅಂತವ್ರೆ. ನಿಮ್ಮಾತು ಅಂದ್ರೆ ನಮ್ಮನೇವ್ರು ಕೇಳ್ತರೆ. ಒಸಿ ನೀವೇ ಬಂದು ಯೋಳಿ’ ಎಂದಳು. ಅವಳ ಗಂಡನೂ ನನ್ನಲ್ಲೇ ಓದಿದವನು. ಬರುತ್ತೇನಮ್ಮ ಎಂದೆ. ಪರೀಕ್ಷೆಯ ಕಾಲ, ಇನ್ನೊಬ್ಬರ ಮನೆಯ ವಿಚಾರ, ನಾಳೆ ಹೋದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ. ಕೆಲವು ತಿಂಗಳ ಮೇಲೆ ಸಂತೆಯಲ್ಲಿ ಕಂಡಳು. ನಾನು ಕೇಳುವ ಮೊದಲೇ, ಎತ್ತಲೋ ನೋಡುತ್ತ, ‘ಎಣ್ಣಂತೆ ಮೇಷ್ಟ್ರೇ’ ಎಂದಳು. ಅಷ್ಟೆ. ತಾನು ಕಾಣದ್ದನ್ನು, ಪರರು ಹೇಳಿದ್ದನ್ನು ತಿಳಿಸುವಾಗ ‘ಅಂತೆ’ ಬರುತ್ತದೆಂದು ಅವಳಿಗೆ ಕಲಿಸಿದವನು ನಾನೇ.

ಅವಳು ನನ್ನ ಮೇಲೆ ದೂರು ಹೇಳಲಿಲ್ಲ. ವಿಶ್ವಸಂಸ್ಥೆಯ ಘೋಷಣೆಗಳಿದ್ದವು, ದೇಶದ ಕಾಯಿದೆ ಇತ್ತು. ಅವು ಊರ ಬಾಗಿಲವರೆಗೆ ಬಂದಿದ್ದವು. ಅಲ್ಲಿಂದ ಅವಳ ಮನೆಗಿದ್ದ ಎರಡು ಮೈಲಿಯನ್ನು ನಾನು ನಡೆಯಬೇಕಾಗಿತ್ತು. ಪ್ರಪಂಚದ ನ್ಯಾಯವೆಂಬುದು ಕೊನೆಗೆ ಯಾರಾದರೊಬ್ಬರು ಎದ್ದು ಹೋಗಿ ಆಡಬೇಕಾದ ಮಾತು.

ಆದ್ದರಿಂದ ಈ ಪುಟವನ್ನು ಓದುತ್ತಿರುವ ತಮ್ಮಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ನೆಂಟರಲ್ಲಿ ಇಂಥ ಮಾತು ಕಿವಿಗೆ ಬಿದ್ದ ದಿನವೇ ಹೋಗಿ, ನಾಳೆಗೆ ಇಡಬೇಡಿ. ಹಿರಿಯರಾದ ನಿಮ್ಮ ಮಾತಿಗೆ ಬೆಲೆಯುಂಟು. ಹೆಣ್ಣುಮಗಳು ಒಬ್ಬಳೇ ಇದ್ದರೆ 181 ಎಂಬ ಮಹಿಳಾ ಸಹಾಯವಾಣಿಗೆ ಕರೆ ಮಾಡಬಹುದೆಂದು ತಿಳಿಸಿ; ಗುಟ್ಟಾಗಿ ಸ್ಕ್ಯಾನಿಂಗ್ ನಡೆಯುವ ಜಾಗ ಗೊತ್ತಾದರೆ ಆರೋಗ್ಯ ಇಲಾಖೆಗೋ ಪೊಲೀಸರಿಗೋ ತಿಳಿಸಿ. ಅತ್ತೆಯಂದಿರೇ, ತಾವೂ ಒಬ್ಬ ತಾಯಿ ಉಳಿಸಿಕೊಂಡ ಹೆಣ್ಣುಕೂಸು ಎಂಬುದನ್ನು ನೆನೆಯಿರಿ. ಅಣ್ಣತಮ್ಮಂದಿರೇ, ತಂಗಿಯ ಸಹಿ ಕೇಳುವ ಮೊದಲು ಅವಳ ಪಾಲನ್ನು ಅವಳ ಮುಂದಿಡಿ. ಮಗನ ಮದುವೆಗೆ ಕೈಯೊಡ್ಡದ ಒಂದೊಂದು ಮನೆಯೂ ಇನ್ನೊಂದು ಮನೆಯಲ್ಲಿ ಹೆಣ್ಣುಕೂಸಿನ ಜೀವ ಉಳಿಸುತ್ತದೆ.

ಮಳವಳ್ಳಿಯಿಂದ ಹೊರಟು ಕಾವೇರಿಯನ್ನು ದಾಟಿದರೆ ಕೊಳ್ಳೇಗಾಲ, ಅದರಾಚೆ ಯಳಂದೂರು. ಮುನ್ನೂರು ವರ್ಷಗಳಿಗೂ ಹಿಂದೆ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಆ ಊರಿನವಳು. ಹೆಣ್ಣೆಂದು ಹಳಿಯುವುದೇಕೆ, ಹೆತ್ತು ಸಲಹಿದವಳೂ ಹೆಣ್ಣೇ ಅಲ್ಲವೇ ಎಂಬ ಪ್ರಶ್ನೆಯನ್ನು ಅವಳು ‘ಹದಿಬದೆಯ ಧರ್ಮ’ದಲ್ಲಿ ಎತ್ತಿದಳು. ವಿಶ್ವಸಂಸ್ಥೆ ಹುಟ್ಟುವುದಕ್ಕೆ ಎಷ್ಟೋ ಮೊದಲು ನಮ್ಮ ನೆರೆಯ ಊರಿನ ಹೆಣ್ಣೊಬ್ಬಳು ಕೇಳಿದ ಪ್ರಶ್ನೆ ಅದು. ಉತ್ತರ ಕೊಡಬೇಕಾದವರು ನಾವು.

‘ಸಾಕು’ ಎಂಬ ಮಾತನ್ನು ನಾವು ಬಿಡಬೇಕಾಗಿಲ್ಲ. ಹೆಣ್ಣುಕೂಸನ್ನು ಅಳಿಸುವ ಈ ದಂಧೆಗೆ ಅದರ ಮೊದಲನೆಯ ಅರ್ಥವನ್ನು ಹೇಳೋಣ. ಕೂಸಿಗೆ ಎರಡನೆಯ ಅರ್ಥವನ್ನು ಇಟ್ಟುಕೊಳ್ಳೋಣ.